ಹೋಂಸ್ಟೇ ಚಾನೆಲ್ ಮ್ಯಾನೇಜರ್ ರಿವ್ಯೂ: ಕ್ಯಾಲೆಂಡರ್ ಕೊಡಿ, ಗೆಸ್ಟ್ ನಂಬರ್ ಕೊಡ್ಬೇಡಿ

ಕೊಡಗಲ್ಲಿ ಹೋಂಸ್ಟೇ ಬೋರ್ಡ್ ಹಾಕಿದೋರಿಗೆಲ್ಲ ಈಗ ಬರೋ ಫೋನಲ್ಲಿ ಅರ್ಧ ಗೆಸ್ಟ್‌ಗಳದ್ದು, ಇನ್ನರ್ಧ ಚಾನೆಲ್ ಮ್ಯಾನೇಜರ್ (ಎಲ್ಲಾ ಬುಕಿಂಗ್ ಸೈಟಿನ ಕ್ಯಾಲೆಂಡರನ್ನ ಒಂದೇ ಕಡೆ ನೋಡ್ಕೊಳೋ) ಸಾಫ್ಟ್‌ವೇರ್ ಮಾರೋರದ್ದು. ನಾವೂ ತಗೊಂಡಿದೀವಿ, ಒಂದು ಪೂರ್ತಿ ಸೀಸನ್ನು ಒಂದು ಪೂರ್ತಿ ಮಳೆಗಾಲ ಎರಡನ್ನೂ ಇದರಲ್ಲೇ ಓಡ್ಸಿದೀವಿ, ಅದಕ್ಕೇ ಬರೀತಿದೀನಿ. ಮೊದಲೇ ಹೇಳ್ಬಿಡ್ತೀನಿ, ಐದಕ್ಕೆ ಮೂರು ಸ್ಟಾರ್. ಡಬಲ್ ಬುಕಿಂಗ್ ನಿಲ್ಸೋಕೆ ಇದು ಬೇಕೇ ಬೇಕು, ಆದ್ರೆ ಸೆಕ್ಯುರಿಟಿ ವಿಷಯಕ್ಕೆ, ಆಮೇಲೆ ನಮ್ಮ ವ್ಯಾಪಾರದ ಒಳಗುಟ್ಟು ಯಾರ ಕೈಲಿರುತ್ತೆ ಅನ್ನೋ ವಿಷಯಕ್ಕೆ ಬಂದ್ರೆ ಕಣ್ಮುಚ್ಕೊಂಡು ನಂಬೋ ಮಾಲಲ್ಲ. ಕಂಪನಿ ಹೆಸರು ಬೇಕಂತಲೇ ಹಾಕಿಲ್ಲ. ತಗೊಳೋಕ್ಕೆ ಮುಂಚೆ ಬೇರೆ ಕಂಪನಿಗಳ ಡೆಮೋನೂ ನೋಡಿದ್ದೆ, ಹೆಚ್ಚುಕಮ್ಮಿ ಎಲ್ಲರದ್ದೂ ಇದೇ ಕತೆ, ಹಾಗಾಗಿ ಯಾವ್ದು ಅಂತ ಕಾಮೆಂಟಲ್ಲಿ ಕೇಳ್ಬೇಡಿ.

ಗೊತ್ತಿಲ್ದೋರಿಗೆ: ನಾವು ರೂಮನ್ನ ನಾಲ್ಕೈದು ಬುಕಿಂಗ್ ಸೈಟಲ್ಲಿ ಹಾಕಿರ್ತೀವಿ. ಒಂದು ಕಡೆ ಬುಕ್ ಆದ ತಕ್ಷಣ ಮಿಕ್ಕಿದ್ದರಲ್ಲಿ ಬ್ಲಾಕ್ ಆಗ್ಬೇಕು, ಇಲ್ಲಾಂದ್ರೆ ಒಂದೇ ರೂಮಿಗೆ ಎರಡು ಫ್ಯಾಮಿಲಿ ಲಗೇಜ್ ಹೊತ್ಕೊಂಡು ಬಂದು ನಿಂತ್ಕೊಳ್ತಾರೆ. ಮುಂಚೆ ನಾವು ಮಾಡ್ತಿದ್ದಿದ್ದು ಐಕ್ಯಾಲ್ ಲಿಂಕ್, ಅಂದ್ರೆ ಒಂದು ಸೈಟಿನ ಕ್ಯಾಲೆಂಡರ್ ಲಿಂಕನ್ನ ಇನ್ನೊಂದಕ್ಕೆ ಅಂಟ್ಸೋದು. ಫ್ರೀ ಏನೋ ಸರಿ, ಆದ್ರೆ ಅದು ಬಿಟ್ಟು ಬಿಟ್ಟು ಅಪ್‌ಡೇಟ್ ಆಗೋದು, ಎಷ್ಟೋ ಸಲ ಗಂಟೆಗಟ್ಟಲೆ ಲೇಟು. ಮಾಮೂಲಿ ದಿನದಲ್ಲಿ ಹೆಂಗೋ ನಡೆಯುತ್ತೆ, ಮಡಿಕೇರಿ ದಸರಾದ ದಶಮಂಟಪ ಮೆರವಣಿಗೆಯ ರಾತ್ರಿಗೆ ನಡೆಯಲ್ಲ. ಆ ರಾತ್ರಿ ಊರಲ್ಲಿ ಒಂದು ರೂಮು ಖಾಲಿ ಕಂಡ್ರೆ ನಿಮಿಷದಲ್ಲಿ ಹಾರೋಗುತ್ತೆ, ಚಾನೆಲ್ ಮ್ಯಾನೇಜರ್‌ನವರದ್ದು ನೇರ ಎಪಿಐ ಕನೆಕ್ಷನ್ (ಸಾಫ್ಟ್‌ವೇರುಗಳು ತಾವೇ ಒಂದಕ್ಕೊಂದು ಮಾತಾಡ್ಕೊಳೋ ದಾರಿ) ಆದ್ರಿಂದ ಒಂದು ಕಡೆ ಬುಕ್ ಆಗಿ ನಾನು ಕಾಫಿ ಲೋಟ ಕೆಳಗಿಡೋದ್ರೊಳಗೆ ಬೇರೆ ಕಡೆ ಎಲ್ಲಾ ಬ್ಲಾಕ್ ಆಗಿರುತ್ತೆ. ದಸರಾ, ಆಗಸ್ಟ್ 15ರ ವೀಕೆಂಡ್, ಡಿಸೆಂಬರ್ ರಜೆ, ಮೂರಕ್ಕೂ ಒಂದೂ ಡಬಲ್ ಬುಕಿಂಗ್ ಆಗಿಲ್ಲ. ಈ ಕೆಲಸಕ್ಕೆ ಫುಲ್ ಮಾರ್ಕ್ಸ್, ಇದರ ಬಗ್ಗೆ ಇನ್ನೇನೂ ಹೇಳೋದಿಲ್ಲ.

ರೇಟು ಐದು ರೂಮಿಗೆ ವರ್ಷಕ್ಕೆ ಹದಿನೆಂಟು ಸಾವಿರ, ಮೇಲೆ ಜಿಎಸ್‌ಟಿ. ಬುಕಿಂಗ್ ಸೈಟಿನವರ ಕಮಿಷನ್ನು ಹದಿನೈದರಿಂದ ಇಪ್ಪತ್ತೈದು ಪರ್ಸೆಂಟ್ ಹೋಗೇ ಹೋಗುತ್ತೆ, ಅದರ ಮುಂದೆ ಇದು ದೊಡ್ಡದಲ್ಲ.

ಈಗ ಲಾಗಿನ್ ವಿಷಯ. ಈ ಸಾಫ್ಟ್‌ವೇರ್ ಒಳಗೆ ಎಲ್ಲಾ ಸೈಟುಗಳ ಬಾಗಿಲೂ ಒಂದೇ ಕಡೆ ಇದೆ, ಅಂದ್ರೆ ಕಳ್ಳನಿಗೂ ಇದೊಂದು ಪಾಸ್‌ವರ್ಡ್ ಸಿಕ್ಕಿದ್ರೆ ಸಾಕು, ರೇಟು, ಗೆಸ್ಟ್ ಹೆಸರು, ಮೊಬೈಲ್ ನಂಬರ್, ಯಾವತ್ತು ಬರ್ತಾರೆ ಯಾವತ್ತು ಹೋಗ್ತಾರೆ ಎಲ್ಲ ಕಾಣುತ್ತೆ. ಇಷ್ಟಿದ್ರೂ ನಾವು ತಗೊಂಡ ಬೇಸಿಕ್ ಪ್ಲಾನಲ್ಲಿ ಒಂದೇ ಯೂಸರ್. ನಾನು, ನಮ್ಮನೆಯವರು, ಮ್ಯಾನೇಜರ್ ಹುಡುಗ ಮೂರು ಜನಾನೂ ಅದೇ ಪಾಸ್‌ವರ್ಡ್ ಬಳಸ್ಬೇಕಂತೆ. ಬೇರೆ ಬೇರೆ ಲಾಗಿನ್ ಬೇಕಂದ್ರೆ ಮೇಲಿನ ಪ್ಲಾನಿಗೆ ಹೋಗಿ ಅಂತಾರೆ. ಇದು ನನಗೆ ಸುತಾರಾಂ ಇಷ್ಟ ಆಗಿಲ್ಲ. ಕೊಡಗಲ್ಲಿ ಹೋಂಸ್ಟೇ ಹುಡುಗರು ಒಂದು ಸೀಸನ್ ಇಲ್ಲಿದ್ರೆ ಮುಂದಿನ ಸೀಸನ್ ಇನ್ನೊಂದು ರೆಸಾರ್ಟಲ್ಲಿ ಇರ್ತಾರೆ, ತಪ್ಪೇನಿಲ್ಲ, ಜೀವನ ನಡೀಬೇಕಲ್ಲ, ಆದ್ರೆ ಪಾಸ್‌ವರ್ಡೂ ಅವರ ಜೊತೆ ಹೋಗ್ಬಾರದು. ಬಿಟ್ಟು ಹೋದೋರ ಲಾಗಿನ್ ಮಾತ್ರ ಕ್ಲೋಸ್ ಮಾಡೋ ಸೌಲಭ್ಯ ಎಲ್ಲಾ ಪ್ಲಾನಲ್ಲೂ ಇರ್ಬೇಕಿತ್ತು, ಅದಕ್ಕೆ ಜಾಸ್ತಿ ದುಡ್ಡು ಕೇಳೋದು ಬೀಗ ಮಾರಿ ಕೀಲಿಗೆ ಬೇರೆ ಬಿಲ್ ಹಾಕೋ ಲೆಕ್ಕ. ಬೈದು ಬೈದು ಕೊನೆಗೆ ಮೇಲಿನ ಪ್ಲಾನ್ ತಗೊಂಡೆ, ಮ್ಯಾನೇಜರ್ ಹುಡುಗನಿಗೆ ಈಗ ಬರೀ ಇವತ್ತಿನ ಚೆಕಿನ್ ಚೆಕೌಟ್ ಮಾತ್ರ ಕಾಣೋ ಹಂಗೆ ಇಟ್ಟಿದೀನಿ, ಅವನಿಗೂ ನಿರಾಳ.

ಎರಡನೇ ಹಂತದ ವೆರಿಫಿಕೇಶನ್ ಇದೆ, ಒಳ್ಳೇದು. ಆದ್ರೆ ಸೆಟ್ಟಿಂಗಲ್ಲಿ ತಾನಾಗೇ ಬರೋದು ಎಸ್ಸೆಮ್ಮೆಸ್ ಓಟಿಪಿ. ಬೆಂಗಳೂರಲ್ಲಿ ಕೂತು ಇದನ್ನ ಮಾಡಿದೋರಿಗೆ ಜುಲೈ ತಿಂಗಳ ಕೊಡಗು ಗೊತ್ತಿಲ್ಲ. ಗಾಳಿ ಮಳೆ ಶುರುವಾದ್ರೆ ಮೊದಲು ಕರೆಂಟ್ ಹೋಗುತ್ತೆ, ಆಮೇಲೆ ಟವರಿನ ಬ್ಯಾಟರಿ ಇಳಿದು ಸಿಗ್ನಲ್ ಹೋಗುತ್ತೆ, ಓಟಿಪಿ ಮಾರನೇ ದಿನ ಬೆಳಿಗ್ಗೆ ಒಟ್ಟಿಗೆ ಐದಾರು ಬರುತ್ತೆ. ಫೈಬರ್ ಲೈನ್ ಮೇಲೆ ಮರ ಬೀಳದೆ ಇದ್ರೆ ಇನ್ವರ್ಟರಲ್ಲಿ ವೈಫೈ ಓಡ್ತಿರುತ್ತೆ, ಆದ್ರೂ ಓಟಿಪಿ ಇಲ್ದೆ ಲಾಗಿನ್ ಆಗೋಕಾಗಲ್ಲ. ಸೆಟ್ಟಿಂಗ್ಸ್ ಒಳಗೆ ತಡಕಾಡಿದ್ರೆ ಅಥೆಂಟಿಕೇಟರ್ ಆ್ಯಪ್ ಅನ್ನೋ ಆಯ್ಕೆ ಇದೆ, ದಯವಿಟ್ಟು ಅದನ್ನ ಆನ್ ಮಾಡ್ಕೊಳಿ. ಅದರ ಆರಂಕಿ ಕೋಡಿಗೆ ಸಿಗ್ನಲ್ ಬೇಡ, ನೆಟ್ಟೂ ಬೇಡ, ಸೆಟಪ್ ಮಾಡುವಾಗ ಫೋನೊಳಗೆ ಕೂರೋ ಒಂದು ಗುಟ್ಟಿನ ಕೀಲಿ ಮತ್ತೆ ಆ ಹೊತ್ತಿನ ಟೈಮ್ ಎರಡನ್ನೂ ಸೇರ್ಸಿ ಫೋನೇ ಲೆಕ್ಕ ಹಾಕುತ್ತೆ, ಅರ್ಧ ನಿಮಿಷಕ್ಕೊಂದು ಬದಲಾಗುತ್ತೆ. ಫೋನಿನ ಗಡಿಯಾರ ಸರಿ ಇರ್ಬೇಕು ಅಷ್ಟೆ. ಯಾರೋ ನಮ್ಮ ಸಿಮ್ಮನ್ನ ಡೂಪ್ಲಿಕೇಟ್ ಮಾಡ್ಸಿ ಓಟಿಪಿ ಹಾರಿಸ್ಕೊಂಡು ಹೋಗೋ ಭಯಾನೂ ಇದರಲ್ಲಿಲ್ಲ. ಇಷ್ಟು ಒಳ್ಳೇದನ್ನ ಮೂರು ಮೆನು ಕೆಳಗೆ ಅಡಗ್ಸಿಟ್ಟಿದಾರೆ, ಡೆಮೋ ಕೊಡೋ ಹುಡುಗನಿಗೇ ಗೊತ್ತಿರ್ಲಿಲ್ಲ.

ಸ್ಟಾರ್ ಹೋಗಿದ್ದು ಮುಖ್ಯವಾಗಿ ಇಲ್ಲಿ. ಇದರಲ್ಲಿ ಆನ್‌ಲೈನ್ ಚೆಕಿನ್ ಅಂತ ಇದೆ, ಗೆಸ್ಟ್‌ಗೆ ಲಿಂಕ್ ಹೋಗುತ್ತೆ, ಅವರು ಬರೋಕ್ಕೆ ಮುಂಚೆನೇ ಆಧಾರ್ ಇಲ್ಲ ಲೈಸೆನ್ಸ್ ಫೋಟೋ ಹಾಕ್ತಾರೆ, ನಮ್ಮ ರಿಜಿಸ್ಟರ್ ಕೆಲಸ ಸುಲಭ. ಒಂದು ದಿನ ಒಬ್ಬ ಗೆಸ್ಟಿನ ಐಡಿ ಫೋಟೋನ ದೊಡ್ಡದು ಮಾಡಿ ನೋಡೋಣ ಅಂತ ಕ್ಲಿಕ್ ಮಾಡಿದ್ರೆ ಬೇರೆ ಟ್ಯಾಬಲ್ಲಿ ಉದ್ದ ಲಿಂಕ್ ಓಪನ್ ಆಯ್ತು. ಸುಮ್ನೆ ಅನುಮಾನ ಬಂದು ಆ ಲಿಂಕನ್ನ ಕಾಪಿ ಮಾಡಿ ಮನೆಯವರ ಫೋನಲ್ಲಿ, ಲಾಗಿನ್ ಇಲ್ದಿರೋ ಬ್ರೌಸರಲ್ಲಿ ಹಾಕಿದೆ. ಆಧಾರ್ ಕಾರ್ಡ್ ಪಳಪಳ ಅಂತ ಬಂತು. ಪಾಸ್‌ವರ್ಡ್ ಕೇಳ್ಲಿಲ್ಲ, ಏನೂ ಕೇಳ್ಲಿಲ್ಲ. ವಾರ ಬಿಟ್ಟು ನೋಡಿದ್ರೂ ಅದೇ ಲಿಂಕ್ ಕೆಲಸ ಮಾಡ್ತಿತ್ತು, ಗೆಸ್ಟ್ ಚೆಕೌಟ್ ಆಗಿ ಊರು ಸೇರಿದ್ರೂ ಅವರ ಆಧಾರ್ ಲಿಂಕ್ ಇದ್ದೋರಿಗೆಲ್ಲ ಕಾಣೋ ಹಂಗೆ ಬಿದ್ದಿತ್ತು. ಸಪೋರ್ಟಿಗೆ ಸ್ಕ್ರೀನ್‌ಶಾಟ್ ಕಳ್ಸಿದ್ರೆ ಬಂದ ಉತ್ತರ "ಲಿಂಕ್ ಯಾರಿಗೂ ಗೆಸ್ ಮಾಡೋಕಾಗಲ್ಲ ಸರ್". ಗೆಸ್ ಯಾಕೆ ಮಾಡ್ಬೇಕು ಮಾರಾಯ್ರೆ, ವಾಟ್ಸಾಪಲ್ಲಿ ಒಬ್ರು ಫಾರ್ವರ್ಡ್ ಮಾಡಿದ್ರೆ ಸಾಕಲ್ಲ.

ಇದು ಅವರ ತಲೆನೋವು, ನಮಗೇನು ಅನ್ನೋ ಹಂಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಪ್ರಕಾರ ಗೆಸ್ಟಿನ ಮಾಹಿತಿ ತಗೊಂಡೋರು ನಾವು, ನಮ್ಮ ಪರವಾಗಿ ಇಟ್ಕೊಂಡೋರು ಸಾಫ್ಟ್‌ವೇರ್‌ನವರು, ಹೊಣೆ ಮೊದಲು ಬರೋದು ನಮ್ಮ ತಲೆ ಮೇಲೆ. ಸರಿಯಾದ ಭದ್ರತೆ ಇಡದಿದ್ರೆ ದಂಡ 250 ಕೋಟಿ ತನಕ ಹೋಗ್ಬಹುದು ಅಂತ ಕಾಯ್ದೆಯಲ್ಲಿದೆ. ರೂಲ್ಸು 2025ರ ನವೆಂಬರಲ್ಲಿ ಬಂತು, ಮುಖ್ಯ ಭಾಗ ಜಾರಿಗೆ ಬರೋಕೆ 18 ತಿಂಗಳು ಟೈಮ್ ಕೊಟ್ಟಿದಾರೆ. ಐದು ರೂಮಿನ ಹೋಂಸ್ಟೇಗೆ ಯಾರೂ 250 ಕೋಟಿ ಹಾಕಲ್ಲ ಅಂತ ನನಗೂ ಗೊತ್ತು, ಆದ್ರೆ ನಮ್ಮನೆ ನಂಬಿ ಹೆಂಡ್ತಿ ಮಕ್ಕಳ ಐಡಿ ಕೊಟ್ಟಿರ್ತಾರೆ ಅಲ್ವಾ. ನಾನು ಆ ಫೀಚರ್ ಆಫ್ ಮಾಡಿದೀನಿ. ಗೆಸ್ಟ್ ಬಂದಾಗ ಕಾರ್ಡ್ ನೋಡಿ ರಿಜಿಸ್ಟರಲ್ಲಿ ಬರ್ಕೋತೀವಿ, ಕಾಪಿ ಬೇಕಾದ್ರೆ ಮಾಸ್ಕ್ಡ್ ಆಧಾರ್ ಕೇಳ್ತೀವಿ, ಅದರಲ್ಲಿ ಕೊನೆ ನಾಲ್ಕು ನಂಬರ್ ಬಿಟ್ಟು ಮಿಕ್ಕಿದ್ದು ಮುಚ್ಚಿರುತ್ತೆ. ಫಾರಿನರ್ಸ್ ಬಂದ್ರೆ 24 ಗಂಟೆ ಒಳಗೆ ಅವರ ವಿವರ ತಿಳಿಸೋ ಫಾರ್ಮ್ (ಸಿ ಫಾರ್ಮ್ ಅಂತಾರೆ) ಸರ್ಕಾರದ ಪೋರ್ಟಲ್ಲಲ್ಲೇ ತುಂಬೋದು, ಅದಕ್ಕೂ ಈ ಸಾಫ್ಟ್‌ವೇರಿಗೂ ಸಂಬಂಧ ಇಲ್ಲ.

ನಾಪೋಕ್ಲು ಕಡೆ ನನಗೆ ಗೊತ್ತಿರೋ ಒಬ್ರ ಹೋಂಸ್ಟೇಯಲ್ಲಿ ಆಗಿದ್ದು ಕೇಳಿ. ಬುಕ್ ಮಾಡಿದ ಗೆಸ್ಟ್‌ಗಳಿಗೆ ವಾಟ್ಸಾಪ್ ಬಂತು, ಹೋಂಸ್ಟೇ ಫೋಟೋ ಡಿಪಿ, ಗೆಸ್ಟ್ ಹೆಸರು ಸರಿ, ತಾರೀಕು ಸರಿ, ರೂಮ್ ಹೆಸರು ಕೂಡ ಸರಿ, "ನಿಮ್ಮ ಕಾರ್ಡ್ ವೆರಿಫೈ ಆಗಿಲ್ಲ, 12 ಗಂಟೆಯೊಳಗೆ ಈ ಲಿಂಕಲ್ಲಿ ಕಟ್ಟಿ, ಇಲ್ಲಾಂದ್ರೆ ಕ್ಯಾನ್ಸಲ್" ಅಂತ. ಇಷ್ಟೆಲ್ಲ ಸರಿಯಾಗಿದ್ರೆ ಯಾರು ಅನುಮಾನ ಪಡ್ತಾರೆ? ಇದು ಇಲ್ಲಿಯದ್ದು ಮಾತ್ರ ಅಲ್ಲ, ಪ್ರಪಂಚದ ಹೋಟೆಲ್ ಲೈನಲ್ಲೆಲ್ಲ ನಡೀತಿರೋ ಆಟ. 2025ರ ಮಾರ್ಚಲ್ಲಿ ಮೈಕ್ರೋಸಾಫ್ಟ್‌ನವರು ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದ್ರು. ಬುಕಿಂಗ್ ಡಾಟ್ ಕಾಮ್ ಹೆಸರಲ್ಲಿ ಹೋಟೆಲ್‌ನವರಿಗೆ ನಕಲಿ ಮೇಲ್ ಬರುತ್ತೆ, ಗೆಸ್ಟ್ ಕೆಟ್ಟ ರಿವ್ಯೂ ಬರೆದಿದಾರೆ ನೋಡಿ, ಇಲ್ಲ ನಿಮ್ಮ ಅಕೌಂಟ್ ವೆರಿಫೈ ಮಾಡಿ ಅಂತ. ಒತ್ತಿದ್ರೆ ನಾನು ರೋಬೋಟ್ ಅಲ್ಲ ಅನ್ನೋ ತರದ ಪೇಜ್ ಬರುತ್ತೆ, ಅಲ್ಲಿ ಕೀಬೋರ್ಡಲ್ಲಿ ವಿಂಡೋಸ್ ಬಟನ್ ಮತ್ತೆ ಆರ್ ಒತ್ತಿ, ಆಮೇಲೆ ಪೇಸ್ಟ್ ಮಾಡಿ, ಎಂಟರ್ ಹೊಡೀರಿ ಅಂತ ಪಾಠ ಹೇಳ್ತಾರೆ. ಹೊಡೆದ್ರೆ ನಾವೇ ನಮ್ಮ ಕೈಯಾರೆ ವೈರಸ್ ಓಡ್ಸಿದಂಗೆ, ಕಂಪ್ಯೂಟರಲ್ಲಿ ಸೇವ್ ಆಗಿರೋ ಪಾಸ್‌ವರ್ಡೆಲ್ಲ ಆ ಕಡೆ. ಕ್ಲಿಕ್‌ಫಿಕ್ಸ್ ಅಂತಾರೆ ಇದಕ್ಕೆ. ದಕ್ಷಿಣ ಏಷ್ಯಾದ ಹೋಟೆಲ್‌ಗಳೂ ಅವರ ಟಾರ್ಗೆಟ್ ಲಿಸ್ಟಲ್ಲಿ ಇದ್ವು. ಕೆಟ್ಟ ರಿವ್ಯೂ ಅಂದ್ರೆ ನಮ್ಮ ಜೀವ ಬಾಯಿಗೆ ಬರುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು, ಮನುಷ್ಯನ ಭಯ ನೋಡಿ ಬಲೆ ಹೆಣೆದಿದಾರೆ.

ಇದರಲ್ಲಿ ಈ ಸಾಫ್ಟ್‌ವೇರಿಂದ ಒಂದು ಉಪಕಾರ ಆಗಿದೆ, ಅದನ್ನೂ ಹೇಳ್ಬೇಕು. ಗೆಸ್ಟ್ ಮೆಸೇಜ್ ಎಲ್ಲಾ ಸೈಟಿಂದೂ ಒಂದೇ ಇನ್‌ಬಾಕ್ಸಿಗೆ ಬರೋದ್ರಿಂದ ಮೇಲಲ್ಲಿ ಬಂದ ಲಿಂಕ್ ಒತ್ತೋ ಅಗತ್ಯನೇ ಇಲ್ಲ. ಹುಡುಗರಿಗೆ ಹೇಳಿಟ್ಟಿದೀನಿ, ಮೇಲಲ್ಲಿ ಏನೇ ಬರ್ಲಿ, ಬ್ರೌಸರಲ್ಲಿ ನಾವೇ ವಿಳಾಸ ಹೊಡೆದು ಒಳಗೆ ಹೋಗಿ ನೋಡೋದು, ಅಲ್ಲಿ ಇಲ್ಲಾಂದ್ರೆ ಅದು ಸುಳ್ಳು.

ಮಿಲಿಟರಿ ಕತೆನೂ ಹೇಳ್ಬಿಡ್ತೀನಿ, ಸಾಫ್ಟ್‌ವೇರಿಗೆ ನೇರ ಸಂಬಂಧ ಇಲ್ದಿದ್ರೂ. ಫೋನ್ ಮಾಡಿ ನಾನು ಆರ್ಮಿ ಆಫೀಸರ್, ಇಪ್ಪತ್ತು ಜನಕ್ಕೆ ರೂಮ್ ಬೇಕು ಅಂತಾರೆ, ಐಡಿ ಕಾರ್ಡ್ ಫೋಟೋ, ಯೂನಿಫಾರ್ಮ್ ಫೋಟೋ ಕಳಿಸ್ತಾರೆ. ಕಾರ್ಯಪ್ಪನವರು ತಿಮ್ಮಯ್ಯನವರು ಹುಟ್ಟಿದ ಜಿಲ್ಲೆ ಇದು, ಮನೆಗೊಬ್ಬರು ಫೌಜಲ್ಲಿರೋ ಊರು, ಯೂನಿಫಾರ್ಮ್ ನೋಡಿದ್ರೆ ನಮಗೆ ತಾನಾಗೇ ಗೌರವ ಬರುತ್ತೆ, ಅದನ್ನೇ ಹಿಡ್ಕೊಂಡು ಆಟ ಆಡ್ತಾರೆ. ಅಡ್ವಾನ್ಸ್ ಕಳಿಸ್ತೀವಿ, ಆರ್ಮಿ ರೂಲ್ ಇದೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮಗೆ ಬರುತ್ತೆ ಅಂತಾರೆ. ದುಡ್ಡು ತಗೊಳೋಕೆ ಯಾವತ್ತೂ ಯುಪಿಐ ಪಿನ್ ಬೇಡ, ಪಿನ್ ಕೇಳಿದ್ರೆ ದುಡ್ಡು ನಮ್ಮಿಂದ ಹೋಗೋದು. ಒಬ್ಬರಿಂದ ಒಬ್ಬರು ದುಡ್ಡು ಕೇಳೋ ಕಲೆಕ್ಟ್ ರಿಕ್ವೆಸ್ಟನ್ನ ಯುಪಿಐ ನಡೆಸೋ ಎನ್‌ಪಿಸಿಐನವರು 2025ರ ಅಕ್ಟೋಬರ್ 1ರಿಂದ ನಿಲ್ಸಿದಾರೆ, ಕ್ಯೂಆರ್ ಆಟ ಮಾತ್ರ ನಡೀತಾನೇ ಇದೆ. ದುಡ್ಡು ಹೋಗಿದ್ದು ಗೊತ್ತಾದ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ದುಡ್ಡು ಇನ್ನೊಂದು ಅಕೌಂಟಿಗೆ ದಾಟೋಕ್ಕೆ ಮುಂಚೆ ಹಿಡಿಯೋಕಾಗೋದು ಬೇಗ ಹೇಳಿದ್ರೆ ಮಾತ್ರ. ಈ ಸಾಫ್ಟ್‌ವೇರಲ್ಲಿ ಪೇಮೆಂಟ್ ಲಿಂಕ್ ಇದೆ, ನಮ್ಮ ಕಡೆಯಿಂದ ಲಿಂಕ್ ಕಳಿಸ್ತೀವಿ, ಅಡ್ವಾನ್ಸ್ ಕೊಡೋದಿದ್ರೆ ಅದರಲ್ಲೇ ಕೊಡಿ ಅಂದ ಕೂಡಲೇ ನಕಲಿ ಮೇಜರ್ ಸಾಹೇಬ್ರು ಲೈನ್ ಕಟ್ ಮಾಡ್ತಾರೆ. ನಿಜವಾದ ಫೌಜಿಗಳು ಒಂದು ಮಾತಾಡದೆ ಕಟ್ತಾರೆ.

ಇನ್ನು ಪೈಪೋಟಿ ವಿಷಯ, ನನಗೆ ಹ್ಯಾಕರ್‌ಗಳಿಗಿಂತ ಜಾಸ್ತಿ ತಲೆ ಕೆಡ್ಸಿರೋದು ಇದು. ನಮ್ಮ ಕಡೆ ಎಲ್ಲರೂ ಪಕ್ಕದ ಹೋಂಸ್ಟೇಯವನೇ ಕಾಂಪಿಟಿಟರ್ ಅನ್ಕೊಂಡಿದಾರೆ. ಅವನು ಪಂದಿ ಕರಿ ಕಡಂಬುಟ್ಟು ಹಾಕಿದ್ರೆ ನಾನೂ ಹಾಕ್ತೀನಿ, ಅವನು ಕ್ಯಾಂಪ್‌ಫೈರ್ ಅಂದ್ರೆ ನಾನೂ ಅಂತೀನಿ, ಸರಿ. ಆದ್ರೆ ನಮ್ಮ ಹೆಸರನ್ನ ಗೂಗಲಲ್ಲಿ ಹೊಡೆದ್ರೆ ಮೊದಲು ಬರೋದು ನಮ್ಮ ಸೈಟಲ್ಲ, ಬುಕಿಂಗ್ ಸೈಟಿನ ಜಾಹೀರಾತು. ನಮ್ಮ ಹೆಸರು ಕೇಳ್ಕೊಂಡು ಹುಡ್ಕೊಂಡು ಬಂದ ಗೆಸ್ಟಿಗೂ ಕಮಿಷನ್ ಕಟ್ತೀವಿ. ಅದರ ಮೇಲೆ ನಮ್ಮ ಸ್ವಂತ ಸೈಟಲ್ಲಿ ಅವರಿಗಿಂತ ಕಮ್ಮಿ ರೇಟ್ ಹಾಕ್ಬಾರದು ಅಂತ ಕೆಲವು ಅಗ್ರಿಮೆಂಟಲ್ಲಿ ಇರುತ್ತೆ. ಈ ತರದ ಕಂಡೀಷನ್ ಬಗ್ಗೆ ನಮ್ಮ ದೇಶದಲ್ಲಿ ವ್ಯಾಪಾರದ ಪೈಪೋಟಿ ಸರಿ ನಡೀತಿದ್ಯಾ ಅಂತ ನೋಡೋ ಕಾಂಪಿಟಿಷನ್ ಕಮಿಷನ್ 2022ರ ಅಕ್ಟೋಬರಲ್ಲಿ ಮೇಕ್‌ಮೈಟ್ರಿಪ್ ಗೋಐಬಿಬೋಗೆ 223.48 ಕೋಟಿ ದಂಡ ಹಾಕಿ, ಹೋಟೆಲ್ ಅಗ್ರಿಮೆಂಟಿಂದ ಆ ರೇಟಿನ ಕಂಡೀಷನ್ ತೆಗೀರಿ ಅಂತ ಮೇಕ್‌ಮೈಟ್ರಿಪ್‌ನವರಿಗೆ ಆದೇಶ ಮಾಡಿತ್ತು. ನಮ್ಮೂರಲ್ಲಿ ಅಗ್ರಿಮೆಂಟ್ ಪೂರ್ತಿ ಓದಿ ಸೈನ್ ಹಾಕಿದೋರು ಎಷ್ಟು ಜನ ಇದಾರೋ ದೇವರಿಗೇ ಗೊತ್ತು, ಒಂದ್ಸಲ ತೆಗೆದು ಆ ಸಾಲು ಇದ್ಯಾ ನೋಡಿ.

ಈ ಚಾನೆಲ್ ಮ್ಯಾನೇಜರ್‌ನವರು ನಾವು ನಿಮ್ಮ ಕಡೆಯವರು, ಸೈಟಿನವರ ಹಿಡಿತದಿಂದ ಬಿಡಿಸ್ತೀವಿ ಅಂತ ಮಾತು ಶುರು ಮಾಡ್ತಾರೆ. ಡೈರೆಕ್ಟ್ ಬುಕಿಂಗ್ ಬಟನ್ ಕೊಡ್ತಾರೆ, ನಿಜ, ಚೆನ್ನಾಗೂ ಇದೆ, ನಮ್ಮ ಹಳೇ ಗೆಸ್ಟ್‌ಗಳು ಈಗ ಅದರಲ್ಲೇ ಬುಕ್ ಮಾಡ್ತಾರೆ. ಆದ್ರೆ ಮಧ್ಯದಲ್ಲಿ ಅವರೇ ಒಂದು ಹೊಸ ಬುಕಿಂಗ್ ಸೈಟ್ ಶುರು ಮಾಡಿದ್ರು, ನಮ್ಮನ್ನೂ ಕೇಳದೆ ಅದರಲ್ಲಿ ಸೇರ್ಸಿದ್ರು, ಕಮಿಷನ್ನೂ ಇಟ್ರು. ಯೋಚನೆ ಮಾಡಿ, ಇವರಿಗೆ ನಮ್ಮ ಯಾವ ರೂಮು ಯಾವ ದಿನ ಖಾಲಿ, ಯಾವ ರೇಟಿಗೆ ಇಳೀತೀವಿ, ಯಾವ ಸೈಟಿಂದ ಎಷ್ಟು ಬರುತ್ತೆ ಎಲ್ಲಾ ಗೊತ್ತು, ಪಕ್ಕದವನದ್ದೂ ಗೊತ್ತು. ಕೊಡಗಿನ ಪ್ರತಿ ತೋಟದಲ್ಲಿ ಎಷ್ಟು ಚೀಲ ಕಾಫಿ ಇದೆ, ಯಾರಿಗೆ ಮಗಳ ಮದುವೆ ಖರ್ಚಿಗೆ ಅರ್ಜೆಂಟ್ ದುಡ್ಡು ಬೇಕು ಅಂತ ಒಬ್ಬ ವ್ಯಾಪಾರಿಗೆ ಗೊತ್ತಿದ್ರೆ ಅವನು ರೇಟು ಹೆಂಗೆ ಕೇಳ್ತಾನೆ? ಯುರೋಪಲ್ಲಿ ದೊಡ್ಡ ಪ್ಲಾಟ್‌ಫಾರ್ಮ್‌ಗಳು ವ್ಯಾಪಾರಿಗಳ ಒಳಗಿನ ಡೇಟಾ ಇಟ್ಕೊಂಡು ಅವರ ಮೇಲೇ ಪೈಪೋಟಿ ಮಾಡೋ ಹಂಗಿಲ್ಲ ಅಂತ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟಲ್ಲಿ ಹಾಕಿದಾರೆ. ನಮ್ಮಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆ ಕರಡು 2024ರ ಮಾರ್ಚಲ್ಲಿ ಬಂತು. ಅದೂ ದೊಡ್ಡ ದೊಡ್ಡ ಕಂಪನಿಗಳಿಗೆ, ಇಂಥ ಮಧ್ಯಮ ಸೈಜಿನವರು ಅದರ ಲೆಕ್ಕಕ್ಕೇ ಬರಲ್ಲ.

ಪ್ರೈಸಿಂಗ್ ಅಸಿಸ್ಟೆಂಟ್ ಅಂತ ಇನ್ನೊಂದು ಇದೆ, ಬೇಡಿಕೆ ನೋಡಿ ರೇಟು ಅದೇ ಹೇಳುತ್ತೆ. ಡಿಸೆಂಬರಲ್ಲಿ ಅದು ಹೇಳಿದ ರೇಟು ನೋಡಿ ನನಗೇ ನಾಚಿಕೆ ಆಯ್ತು, ಜುಲೈಯಲ್ಲಿ ಹೇಳಿದ್ದು ನೋಡಿ ಅಳು ಬಂತು. ಗಮ್ಮತ್ತು ಏನಂದ್ರೆ ಅದೇ ಸಾಫ್ಟ್‌ವೇರ್ ಹಾಕಿರೋ ಇನ್ನೊಬ್ರಿಗೂ ಅದೇ ದಿನಕ್ಕೆ ಹತ್ತಿರ ಹತ್ತಿರ ಅದೇ ರೇಟು ತೋರ್ಸಿತ್ತು, ಇಬ್ರೂ ಫೋನ್ ಇಟ್ಕೊಂಡು ಪಕ್ಕಪಕ್ಕ ನೋಡಿದ್ವಿ. ಎಲ್ಲರ ಒಳಗಿನ ಲೆಕ್ಕ ತಗೊಂಡು ಎಲ್ಲರಿಗೂ ಒಂದೇ ರೇಟ್ ಹೇಳಿದ್ರೆ ಅದಕ್ಕೆ ಪೈಪೋಟಿ ಅಂತಾರಾ? ಅಮೆರಿಕದಲ್ಲಿ ಮನೆ ಬಾಡಿಗೆಗೆ ಹಿಂಗೇ ರೇಟು ಹೇಳ್ತಿದ್ದ ರಿಯಲ್‌ಪೇಜ್ ಅನ್ನೋ ಕಂಪನಿ ಮೇಲೆ ಅಲ್ಲಿನ ನ್ಯಾಯ ಇಲಾಖೆ 2024ರ ಆಗಸ್ಟಲ್ಲಿ ಕೇಸ್ ಹಾಕಿತ್ತು. ನಾನಂತೂ ಆಫ್ ಮಾಡಿದೀನಿ. ಕಾಫಿ ಹೂ ಬಿಡೋ ವಾರಕ್ಕೆ ಏನು ರೇಟು ಇಡ್ಬೇಕು ಅಂತ ಅದಕ್ಕೆ ಗೊತ್ತಾಗಲ್ಲ, ಹೂಮಳೆ ಯಾವತ್ತು ಬಂತು ಅಂತ ನೋಡಿ ಅದನ್ನ ನಾವೇ ಹೇಳ್ಬೇಕು.

ಗೂಗಲ್ ಮ್ಯಾಪ್ ಕನೆಕ್ಷನ್ ಬಗ್ಗೆ ಒಂದು ಸಾಲು. ಮ್ಯಾಪಲ್ಲಿ ನಮ್ಮ ಜಾಗದ ಫೋನ್ ನಂಬರ್ ಬದಲಾಯಿಸಿ ಅಂತ ಯಾರು ಬೇಕಾದ್ರೂ ಸಲಹೆ ಹಾಕ್ಬಹುದು, ಮೋಸದವರು ಅದನ್ನ ಬಳಸ್ಕೊಂಡು ತಮ್ಮ ನಂಬರ್ ತೂರಿಸ್ತಾರೆ. ಹಂಗೆ ಬದಲಾದ್ರೆ ಅಲರ್ಟ್ ಕೊಡೋದು ಇದರಲ್ಲಿದೆ, ನಮಗೆ ಒಂದ್ಸಲ ನಿಜವಾಗ್ಲೂ ಉಪಯೋಗಕ್ಕೆ ಬಂತು, ಕೂಡಲೇ ಸರಿ ಮಾಡಿದ್ವಿ.

ಸಪೋರ್ಟು ಹಿಂದಿ ಇಂಗ್ಲಿಷಲ್ಲಿ, ಕನ್ನಡ ಮಾತಾಡೋರು ಬೇಕಂದ್ರೆ ವಾಪಸ್ ಫೋನ್ ಮಾಡ್ತೀವಿ ಅಂತಾರೆ, ಮಾಡ್ತಾರೆ ಕೂಡ, ಆದ್ರೆ ಸಂಜೆ ಆರರ ಮೇಲೆ ಯಾರೂ ಇರಲ್ಲ. ಗೆಸ್ಟ್ ಬರೋದೇ ಆರರ ಮೇಲೆ.

ತಗೊಳೋರು ಸೈನ್ ಹಾಕೋಕ್ಕೆ ಮುಂಚೆ ಡೇಟಾ ವಾಪಸ್ ಹೆಂಗೆ ಕೊಡ್ತೀರಿ ಅಂತ ಕೇಳಿ. ನನಗೆ ಬುಕಿಂಗ್ ಲಿಸ್ಟ್ ಎಕ್ಸೆಲಲ್ಲಿ ಇಳ್ಸೋಕೆ ಆಗುತ್ತೆ, ಗೆಸ್ಟ್ ಫೋನ್ ನಂಬರ್ ಮಾತ್ರ ಅದರಲ್ಲಿ ಪೂರ್ತಿ ಬರಲ್ಲ, ಅರ್ಧ ನಂಬರ್ ಸ್ಟಾರ್ ಸ್ಟಾರ್ ಆಗಿರುತ್ತೆ. ಪ್ರೈವಸಿ ಅಂತೆ. ಆಧಾರ್ ಲಿಂಕ್ ತೆರೆದಿಟ್ಟೋರು ನನ್ನ ಗೆಸ್ಟಿನ ನಂಬರನ್ನ ನನ್ನಿಂದಲೇ ಮುಚ್ಚಿಡ್ತಾರೆ, ಮತ್ತೆ ಅವರ ಹೊಸ ಸೈಟಿನ ಆಫರ್ ಮೆಸೇಜ್ ಮಾತ್ರ ಅದೇ ನಂಬರಿಗೆ ಸರಾಗವಾಗಿ ಹೋಗುತ್ತೆ. ನಮ್ಮಲ್ಲಿ ವರ್ಷಾ ವರ್ಷ ಬರೋ ಮೈಸೂರಿನ ಫ್ಯಾಮಿಲಿಯೊಬ್ರು ಆ ಮೆಸೇಜ್ ತೋರ್ಸಿ ಇದು ನೀವೇ ಕಳ್ಸಿದ್ದಾ ಅಂತ ಕೇಳಿದ್ರು, ಅದರಲ್ಲಿ ಇದ್ದಿದ್ದು ನಮ್ಮನೆ ಅಲ್ಲ, ಕಕ್ಕಬ್ಬೆ ಕಡೆಯ ಬೇರೆ ಯಾವುದೋ ರೆಸಾರ್ಟು, ಇಪ್ಪತ್ತು ಪರ್ಸೆಂಟ್ ಡಿಸ್ಕೌಂಟು.

ಮೂರು ರೂಮಿನೊಳಗೆ ಇದ್ದು, ಒಂದೆರಡು ಸೈಟಲ್ಲಿ ಮಾತ್ರ ಹಾಕಿರೋರಿಗೆ ಇದು ಬೇಡ, ಐಕ್ಯಾಲ್ ಸಾಕು, ಲಾಂಗ್ ವೀಕೆಂಡಲ್ಲಿ ಮಾತ್ರ ಒಂದೇ ಸೈಟ್ ಓಪನ್ ಇಟ್ಕೊಳಿ. ಅದಕ್ಕಿಂತ ಜಾಸ್ತಿ ಇದ್ರೆ ತಗೊಳಿ, ಕ್ಯಾಲೆಂಡರು, ಇನ್‌ಬಾಕ್ಸು, ಪೇಮೆಂಟ್ ಲಿಂಕು ಈ ಮೂರೇ ಆನ್ ಇರ್ಲಿ. ಗೆಸ್ಟ್ ಬಂದಾಗ ನಂಬರ್ ನಮ್ಮ ಪುಸ್ತಕದಲ್ಲಿ ಬರ್ಕೊಳಿ. ನಾನು ಈ ವರ್ಷ ರಿನ್ಯೂ ಮಾಡೋವಾಗ ಅವರ ಬುಕಿಂಗ್ ಸೈಟಿಂದ ನಮ್ಮ ಹೆಸರು ತೆಗೀರಿ, ಗೆಸ್ಟ್ ನಂಬರಿಗೆ ಪ್ರಮೋಷನ್ ಕಳಿಸ್ಬೇಡಿ ಅಂತ ಮೇಲಲ್ಲಿ ಬರ್ಸ್ಕೊಂಡು ಆಮೇಲೆ ದುಡ್ಡು ಕಟ್ಟಿದೆ, ಸೇಲ್ಸ್ ಹುಡುಗ ಎರಡು ಸಾವಿರ ಕಮ್ಮಿನೂ ಮಾಡ್ದ. ಐಡಿ ಲಿಂಕ್ ವಿಷಯ ಟೆಕ್ನಿಕಲ್ ಟೀಮಿಗೆ ಹೇಳಿದೀವಿ ಅಂತಿದಾರೆ, ಹಳೇ ಲಿಂಕ್ ಹಾಕಿ ನೋಡಿದೆ, ಇನ್ನೂ ಓಪನ್ ಆಗ್ತಿದೆ. ಅದು ಸರಿ ಮಾಡಿದ ದಿನ ನಾಲ್ಕು ಸ್ಟಾರ್ ಮಾಡ್ತೀನಿ.